ದ್ಯಾಮವ್ವ ಆಯಿಯ ಕಾಣದ ಬುಟ್ಟಿ

ದ್ಯಾಮವ್ವ ಆಯಿ ನಡೆದು ಬಂದರೆ ತಲೆಯ ಮೇಲೆ ಕಾಣದ ಬುಟ್ಟಿಯೊಂದು ಇದೆಯೇನೋ ಅನ್ನಿಸುತ್ತಿತ್ತು. ಬಾದಾಮಿ ಕಡೆಯಿಂದ ನಾಶಿಕಕ್ಕೆ ಬಂದು, ಅಲ್ಲಿನ ಸಾತಪುರದ ಕಾರ್ಖಾನೆಗಳ ಗೋಡೆ ಏಳುವಾಗ ಸಿಮೆಂಟು ಹೊತ್ತವಳು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಕತ್ತು ಮಾತ್ರ ಬಾಗಲಿಲ್ಲ. ಅಲ್ಲೇ ಅಂಬಡ್‌ನಲ್ಲಿ ನಮ್ಮ ಪಕ್ಕದ ಒಂಟಿ ಕೋಣೆಯ ಖೋಲಿ ಅವಳದು. ನನಗೆ ಬರುವ ಕನ್ನಡದಲ್ಲಿ ಅರ್ಧ ಅವಳ ಬೈಗುಳದಿಂದಲೇ ಬಂದದ್ದು.

ರಕ್ತದ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮಗ ಯಲ್ಲಪ್ಪ ಅವಳನ್ನು ದೇವರ ಹಾಗೆ ಕೂಡಿಸಿಬಿಟ್ಟ. "ಕಲ್ಲಿನ ದೇವ್ರಿಗೆ ಕುಂತ್ರ ಸೊಂಟ ನೋಯಂಗಿಲ್ಲ, ನನಗ ನೋಯ್ತೈತಲ್ಲ!" ಎಂದು ಗೊಣಗುವಳು. ಮಗ ಸೊಸೆ ಕಂಪನಿಗೆ ಹೋದದ್ದೇ ತಡ, ತನ್ನ ಸೀರೆ ತಾನೇ ಒಗೆದು ತಂತಿಗೆ ಹಾಕುವಳು. ಸೊಸೆ ಕೇಳಿದರೆ, ಒಗೆದದ್ದು ನಾನೇ ಎಂದು ನಾನು ಹೇಳಬೇಕು. ಹೀಗೆ ಪುಕ್ಕಟೆ ಪುಣ್ಯ ನನಗೆ ಬಹಳ ಬಂತು.

ಆಯಿಯ ಮಗಳು ಇದ್ದದ್ದು ಸಂಭಾಜಿನಗರದಲ್ಲಿ, ಅಂದರೆ ಹಳೆಯ ಔರಂಗಾಬಾದಿನಲ್ಲಿ. ಅಲ್ಲಿನ ದೊಡ್ಡ ಆಸ್ಪತ್ರೆಗೆ ಮೊದಲ ಸಲ ತೋರಿಸಲು ನಾನೂ ಜೊತೆಗೆ ಹೋದೆ. ಸ್ನಾನ ಯಾರು ಮಾಡಿಸುತ್ತಾರೆ, ಬಟ್ಟೆ ಯಾರು ಉಡಿಸುತ್ತಾರೆ ಎಂದು ಡಾಕ್ಟರಮ್ಮ ಮರಾಠಿಯಲ್ಲಿ ಕೇಳಿದರು. ಎಲ್ಲ ನಾವೇ, ಕಡ್ಡಿ ಎತ್ತಲೂ ಬಿಡುವುದಿಲ್ಲ ಎಂದು ಯಲ್ಲಪ್ಪ ಎದೆಯುಬ್ಬಿಸಿ ಹೇಳಿದ. ಡಾಕ್ಟರಮ್ಮನ ಮುಖ ಸಪ್ಪಗಾಯಿತು. ಇಷ್ಟು ನಿತ್ರಾಣವಾದವರು ಕ್ಯಾನ್ಸರಿನ ಪೂರ್ತಿ ಔಷಧಿ ತಡೆಯಲಾರರು, ನೋವಿಗೆ ಮಾತ್ರೆ ಕೊಡೋಣ ಎಂದರು.

ಆಯಿ ಸಿಡಿದಳು. "ಯಲ್ಲ್ಯಾ, ಜೀವಂತ ಇದ್ದಾಗ್ಲೇ ನನ್ನ ಹೆಣಾ ಮಾಡ್ತೀಯೇನೋ! ಅವ್ರು ಕೇಳಿದ್ದು ನಿನ್ನ ಸೇವಾ ಅಲ್ಲ, ನನ್ನ ರಟ್ಟಿ ಬಲ." ಡಾಕ್ಟರಮ್ಮನತ್ತ ತಿರುಗಿ ಮರಾಠಿಯಲ್ಲಿ, ಈ ಸೀರೆ ಒಗೆದವಳು ನಾನೇ, ಬೇಕಾದರೆ ಇವಳನ್ನು ಕೇಳು ಎಂದು ನನ್ನನ್ನು ತೋರಿಸಿದಳು. ನನ್ನ ಪುಣ್ಯವೆಲ್ಲ ಅಲ್ಲೇ ಕರಗಿತು. ಹೌದೆಂದು ತಲೆಯಾಡಿಸಿದೆ. ಆಯಿ ಎದೆಯ ಮೇಲೆ ಕೈಕಟ್ಟಿ, ಏನೂ ಹಿಡಿಯದೆ ಕುರ್ಚಿಯಿಂದ ಎದ್ದು ಬಾಗಿಲ ತನಕ ನಡೆದು ಬಂದಳು. ಕೊಡ ಎತ್ತಲಾರೆ, ಮೆಟ್ಟಿಲು ಏರಲಾರೆ, ಅದನ್ನೂ ಬರೆದುಕೋ ಎಂದಳು.

ಡಾಕ್ಟರಮ್ಮ ನಕ್ಕರು. ಮತ್ತೆ ಎಲ್ಲ ಪರೀಕ್ಷಿಸಿ, ಸ್ವಲ್ಪ ಸ್ವಲ್ಪವಾಗಿ ಔಷಧಿ ಶುರುಮಾಡಿದರು. ಕೂದಲು ಉದುರಿತು, ನಾಲಿಗೆ ರುಚಿ ಕೆಟ್ಟಿತು, ಬೈಗುಳ ಮಾತ್ರ ಉಳಿಯಿತು. ಕೊನೆಗೊಂದು ದಿನ ರೋಗ ತಗ್ಗಿದೆ ಎಂದರಂತೆ. ಫೋನಿನಲ್ಲಿ ಯಲ್ಲಪ್ಪ ಅತ್ತೇಬಿಟ್ಟ.

ಈಗ ಆಯಿ ಮಗಳ ಮನೆಯಲ್ಲೇ ಇದ್ದಾಳೆ. ಪಕ್ಕದ ಗೋಡೆ ಮೌನವಾಗಿದೆ. ನಾನು ಅವಳನ್ನು ಕೊನೆಗೆ ಕಂಡದ್ದು ನಾಶಿಕದ ಬಸ್‌ಸ್ಟ್ಯಾಂಡಿನಲ್ಲಿ, ತೋರಿಸಿಕೊಂಡು ಬಂದ ಮೇಲೆ ಔಷಧಿಗೆಂದು ಅವಳು ಮತ್ತೆ ಹೊರಟ ದಿನ. ಬಸ್ಸಿನ ಮೆಟ್ಟಿಲ ಬಳಿ ಯಲ್ಲಪ್ಪ ಅವಳನ್ನು ಎತ್ತಲು ಬಾಗಿದ. ಆಯಿ ಕೋಲನ್ನು ಅಡ್ಡ ಹಿಡಿದಳು.

"ಕೈ ಕೊಡು ಸಾಕು. ಎತ್ತಬ್ಯಾಡ."

ಅವನು ಕೈ ಕೊಟ್ಟ. ಆಯಿ ನಿಧಾನವಾಗಿ ಹತ್ತಿದಳು, ಬುಟ್ಟಿ ಅಲುಗದ ಹಾಗೆ.