ಹೊಸ್ತಿಲು ಕಾಯುವ ಮಗರಾಯರು

ಮಕ್ಕಳ ಕತೆ ಬರೆದು ಹೆಸರಾದ ಅಪ್ಪ ತೀರಿಕೊಂಡ ಮೇಲೆ ಮಗರಾಯರು ಮನೆಯನ್ನೇ ಸ್ಮಾರಕ ಮಾಡಿ, ತಾವೇ ಅದರ ಕಾವಲಿಗೆ ನಿಂತಿದ್ದಾರೆ. ಅಪ್ಪನ ಟೋಪಿ, ಅಪ್ಪನ ಕೆಮ್ಮು ಎರಡನ್ನೂ ಉಳಿಸಿಕೊಂಡಿದ್ದಾರೆ. ಬರವಣಿಗೆಯೊಂದು ಮಾತ್ರ ಕೈಹತ್ತಲಿಲ್ಲ. ಬಂದವರಿಗೆಲ್ಲ "ಅಪ್ಪನಿಗೆ ಮಕ್ಕಳು ಅಂದ್ರೆ ಪ್ರಾಣ" ಎನ್ನುತ್ತಲೇ, ಪುಸ್ತಕ ಮುಟ್ಟಲು ಕೈಚಾಚಿದ ಮಗುವನ್ನು ಕಣ್ಣಲ್ಲೇ ಸುಡುತ್ತಾರೆ. ಯಾವುದಾದರೂ ಮಗು ನಕ್ಕರಂತೂ ಮುಗಿಯಿತು: "ಶ್, ಗಲಾಟೆ ಮಾಡ್ಬೇಡ. ಅಪ್ಪ ಮಕ್ಕಳಿಗೆ ಕತೆ ಬರೀತಿದ್ದಾರೆ." ಸತ್ತವರು ಹೇಗೆ ಬರೆಯುತ್ತಾರೆಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಆ "ಶ್, ಗಲಾಟೆ ಮಾಡ್ಬೇಡ" ಬಾಲ್ಯವಿಡೀ ಮಗರಾಯರು ಅಮ್ಮನಿಂದ ಕೇಳಿಸಿಕೊಂಡ ಮಾತು. ಬರೆಯುವ ಕೋಣೆಯನ್ನು ಜನರಿಗೆ ತೋರಿಸುವಾಗ, ಅರವತ್ತು ದಾಟಿದ ಮಗರಾಯರು ಇವತ್ತಿಗೂ ಹೊಸ್ತಿಲ ಹೊರಗೇ ನಿಲ್ಲುತ್ತಾರೆ. ಒಳಗೆ ಬಾ ಎಂದು ಅಪ್ಪ ಒಮ್ಮೆಯೂ ಕರೆದಿರಲಿಲ್ಲ.