ಮಣೆಯ ಮೇಲೆ ಉಳಿದ ಖಣ

ಆಡಿದ ಮಾತನ್ನು ಮರೆಯುವುದರಲ್ಲಿ ನಾನು ಎತ್ತಿದ ಕೈ. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಹೆಚ್ಚು ಹಾಕು ಎಂದು ಹೇಳಿರುತ್ತೇನೆ. ಮರುದಿನ ಅವನು ಹಾಕಿದರೆ ಅವನನ್ನೇ ಗದರಿಸುತ್ತೇನೆ. ಇದಕ್ಕೆಂದೇ ನಮ್ಮ ಮನೆಯವರು ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಾರೆ. (ಅದನ್ನು ನೋಡುವುದನ್ನೂ ಮರೆಯುತ್ತೇನೆ, ಆ ಮಾತು ಬೇರೆ.)

ಹೋದ ವರ್ಷದ ಶ್ರಾವಣದಲ್ಲಿ, ಇಳಕಲ್ಲಿನ ಒಂದು ಸೀರೆ ಅಂಗಡಿಯಲ್ಲಿ, ಇಪ್ಪತ್ತನಾಲ್ಕು ವರ್ಷದ ಹಿಂದೆ ನಾನು ಆಡಿ ಮರೆತಿದ್ದ ಒಂದು ಮಾತು ನನಗೆ ವಾಪಸ್ ಸಿಕ್ಕಿತು. ಕೊಟ್ಟವರು ಸಿಟ್ಟಿನಿಂದ ಕೊಡಲಿಲ್ಲ. ಕಷ್ಟವಾದದ್ದು ಅದೇ.

ನಾದಿನಿಯ ಮಗಳ ಮದುವೆ ಇತ್ತು. ಕೊಡಲು ಏಳು ಸೀರೆ ಬೇಕಾಗಿದ್ದವು. ಬಾಗಲಕೋಟೆಯಲ್ಲಿ ಸಿಗುವುದಿಲ್ಲವೇ? ಸಿಗುತ್ತವೆ. ಆದರೆ ಇಳಕಲ್ಲಿಗೆ ಹೋಗಿ ಗಾದಿಯ ಮೇಲೆ ಕೂತು, ಮೂವತ್ತು ಬಿಚ್ಚಿಸಿ ಏಳು ಆರಿಸಿದರೇನೇ ಸಮಾಧಾನ. ಅಂಗಡಿಯಾತ ಕನ್ನಡಕದ, ತಾಳ್ಮೆಯ ಮನುಷ್ಯ. ಬೇಡವೆಂದ ಸೀರೆಯನ್ನೂ ಬೇಕೆಂದದ್ದರಷ್ಟೇ ಜೋಪಾನವಾಗಿ ಮಡಚುತ್ತಿದ್ದ. ಐದನೆಯದನ್ನು ಆರಿಸುವಾಗ ಅವನೇ ಕೇಳಿದ, ನೀವು ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದಿದವರಲ್ಲವೇ ಎಂದು.

ಕನ್ನಡಕ ತೆಗೆದ. ಮಹಾಂತೇಶ! ಹುನಗುಂದದ ಹುಡುಗ, ನಮ್ಮದೇ ಕ್ಲಾಸು.

ಊರು, ಮಕ್ಕಳು, ಮೊಣಕಾಲು ನೋವು ಎಲ್ಲ ಮಾತಾಡಿದೆವು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಯಿತೆಂದ. ಒಬ್ಬಳೇ ಮಗಳು, ಗುಳೇದಗುಡ್ಡಕ್ಕೆ ಕೊಟ್ಟಿದ್ದಾನೆ. ಆಮೇಲೆ ಸೀರೆಯ ಸೆರಗನ್ನು ಸರಿಮಾಡುತ್ತ, ತಲೆ ಎತ್ತದೆ ಕೇಳಿದ: "ಸುಮಂಗಲಾ ಹೆಂಗದಾಳ್ರಿ?"

ಬಾದಾಮಿಯಲ್ಲಿ ಅಣ್ಣನ ಮನೆಯಲ್ಲಿದ್ದಾಳೆ, ಚೊಳಚಗುಡ್ಡದ ಪ್ರೈಮರಿ ಸಾಲಿಯಲ್ಲಿ ಟೀಚರ್, ಮದುವೆಯಾಗಲಿಲ್ಲ ಎಂದೆ.

ಮಡಿಕೆ ತಪ್ಪಿತ್ತು. ಸೀರೆಯನ್ನು ಮತ್ತೆ ಪೂರ್ತಿ ಬಿಚ್ಚಿದ.

"ಹಂಗ್ಯಾಕ್ರಿ? ನೀವ ಹೇಳಿದ್ರಲ್ಲ, ಆಕಿಗೆ ಮನಸ್ಸಿಲ್ಲ ಕಾಣ್ತೈತಿ ಅಂತ. ಬ್ಯಾರೆ ಯಾರರ ಇದ್ದಾರಂತ ತಿಳಿದಿದ್ನಿ ನಾ."

ನಾನು? ನಾನು ಯಾವಾಗ ಹೇಳಿದೆ?

ಅಂಗಡಿಯ ಮೆಟ್ಟಿಲು ಇಳಿಯುವಷ್ಟರಲ್ಲಿ ನೆನಪಾಯಿತು.

ಸುಮಂಗಲಾ ಹಾಸ್ಟೆಲ್ಲಿನಲ್ಲಿ ನನ್ನ ರೂಮ್‌ಮೇಟ್. ನನ್ನೊಬ್ಬಳ ಜೊತೆ ಗಂಟೆಗಟ್ಟಲೆ ಹರಟುವವಳು, ನಾಲ್ಕು ಜನ ಕೂಡಿದರೆ ಕಲ್ಲು. ಕ್ಲಾಸಿನಲ್ಲಿ ಹಾಜರಿ ಕೂಗಿದಾಗ "ಎಸ್ ಸರ್" ಎನ್ನಲು ಬಾಯಿ ಬಾರದೆ, ಎರಡನೇ ಬೆಂಚಿನಲ್ಲಿ ಕೂತೇ ಆಬ್ಸೆಂಟ್ ಆದ ದಿನಗಳೆಷ್ಟೋ. ಒಂದು ದಿನ ಹುಡುಗರ ಕಡೆಯಿಂದ ಯಾರೋ "ಅದಾಳ್ರಿ ಸರ್" ಎಂದರು. ಇಡೀ ಕ್ಲಾಸು ನಕ್ಕಿತು. ಅವನೇ ಮಹಾಂತೇಶ. ಅಲ್ಲಿಂದ ಶುರು.

ಕ್ಯಾಂಟೀನಿನಲ್ಲಿ ಜನರ ನಡುವೆ ಅವಳು ಚಹಾ ಮುಟ್ಟುತ್ತಿರಲಿಲ್ಲ. ಕೈ ನಡುಗಿ ಚೆಲ್ಲುತ್ತಿತ್ತು. ಇದನ್ನು ಮೂರು ವರ್ಷ ಒಂದೇ ಕೋಣೆಯಲ್ಲಿದ್ದ ನಾನು ನೋಡಲಿಲ್ಲ, ಅವನು ನೋಡಿದ. ಒಂದು ಖಾಲಿ ಕಪ್ಪು ಕೇಳಿ ತಂದು, ಅವಳ ಚಹಾವನ್ನು ಎರಡು ಕಪ್ಪಿಗೆ ಅರ್ಧರ್ಧ ಮಾಡಿ ಇಡುತ್ತಿದ್ದ. ಅರ್ಧ ಕಪ್ಪು ಎಷ್ಟು ನಡುಗಿದರೂ ಚೆಲ್ಲುವುದಿಲ್ಲವಲ್ಲ.

ಈಗ ಈ ಹೆದರಿಕೆಗೆ ಒಂದು ಇಂಗ್ಲಿಷ್ ಹೆಸರಿದೆಯಂತೆ. ಸೋಶಿಯಲ್ ಆಂಗ್ಸೈಟಿ. ಆಗ ನಮ್ಮ ಕಡೆ ಅದಕ್ಕೆ ಇದ್ದ ಹೆಸರು "ಭಾಳ ಛಲೋ ಹುಡುಗಿ". ಮಾತಾಡುವುದಿಲ್ಲ, ತಲೆ ಎತ್ತುವುದಿಲ್ಲ, ಎಂಥ ಗುಣ! ಹುಡುಗನೊಬ್ಬ ಹೀಗಿದ್ದರೆ ಯಾರಾದರೂ ಏನೋ ತೊಂದರೆಯಿದೆ ಎಂದು ದವಾಖಾನೆಗಾದರೂ ಕರೆದೊಯ್ಯುತ್ತಿದ್ದರೇನೋ. ಹುಡುಗಿಗೆ ನಾವು ಶಹಬ್ಬಾಸ್‌ಗಿರಿ ಕೊಟ್ಟೆವು.

ಡಿಗ್ರಿ ಮುಗಿಯಿತು. ಮಹಾಂತೇಶ ಮನೆಯಲ್ಲಿ ಹೇಳಿದ. ಸುಮಂಗಲಾಳ ಮನೆಯಲ್ಲೂ ಅಡ್ಡಿಯಿರಲಿಲ್ಲ. ಹುನಗುಂದದಿಂದ ಎರಡು ಗಾಡಿ ಮಾಡಿಕೊಂಡು ಹದಿನೆಂಟು ಜನ ಬಾದಾಮಿಗೆ ಬಂದರು. ಗೆಳತಿಯೆಂದು ನಾನೂ ಹೋಗಿದ್ದೆ. ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ನಡುವೆ ಮಣೆ. ಸುಮಂಗಲಾ ತುಂಬಿದ ಕಪ್ಪುಗಳ ತಾಟು ಹಿಡಿದು ಬಂದಳು. ತಾಟಿನ ತುಂಬ ಚಹಾ ಚೆಲ್ಲಿತ್ತು.

ಮಹಾಂತೇಶನ ಮನೆತನದ್ದು ಒಂದು ರೂಢಿ. ಹಿರಿಯ ಹೆಂಗಸು ಕುಪ್ಪಸದ ಖಣ, ಕೊಬ್ಬರಿ ಬಟ್ಟಲು ಕೈಯಲ್ಲಿ ಹಿಡಿದು, ಎಲ್ಲರೆದುರು ಹುಡುಗಿಯನ್ನು ಕೇಳುತ್ತಾಳೆ, ನಮ್ಮ ಹುಡುಗ ಒಪ್ಪಿಗೆಯೇ ಎಂದು. ಹುಡುಗಿ ಸೆರಗು ಒಡ್ಡಿ ಖಣ ಹಾಕಿಸಿಕೊಂಡರೆ ಹೂಂ. ಒಡ್ಡದಿದ್ದರೆ ಇಲ್ಲ. (ಹುಡುಗಿಯನ್ನು ಕೇಳುತ್ತಾರಲ್ಲ, ಎಷ್ಟು ಸುಧಾರಿಸಿದ ಜನ ಎಂದು ನಾನೇ ಮೆಚ್ಚಿಕೊಂಡಿದ್ದೆ.)

ಕೇಳಿದವರು ಮಹಾಂತೇಶನ ಸೋದರತ್ತೆ ಗಂಗವ್ವ. ತಾಯಿಯಿಲ್ಲದ ಅವನನ್ನು ಸಾಕಿದವರು. ಸುಮಂಗಲಾ ಸೆರಗು ಒಡ್ಡಲಿಲ್ಲ. ಎದ್ದು ಹಿತ್ತಿಲಿಗೆ ಹೋದಳು. ಗಂಗವ್ವ ಖಣವನ್ನು ಮಣೆಯ ಮೇಲಿಟ್ಟು ನನ್ನ ಕಡೆ ತಿರುಗಿದರು. ನೀನು ಗೆಳತಿ, ಅವಳ ಮನಸ್ಸಿನಲ್ಲಿ ಏನಿದೆ ಎಂದರು. ಹದಿನೆಂಟು ಜನ ನನ್ನ ಬಾಯಿ ನೋಡುತ್ತಿದ್ದರು. ನನಗೆ ಇಪ್ಪತ್ತೆರಡು. ಆ ಮೌನ ಮುರಿಯಬೇಕಿತ್ತು, ಅಷ್ಟೇ. ಹೇಳಿದೆ: "ಆಕಿಗೆ ಮನಸ್ಸಿಲ್ಲ ಕಾಣ್ತೈತ್ರಿ."

ಅವರು ಜಗಳ ಮಾಡಲಿಲ್ಲ. ಎದ್ದು ಹೋದರು, ಅಷ್ಟೇ. ವರ್ಷದೊಳಗೆ ಮಹಾಂತೇಶನಿಗೆ ಸೋದರಮಾವನ ಮಗಳೊಂದಿಗೆ ಮದುವೆಯಾಯಿತು. ನಾನು ನನ್ನ ಮದುವೆಯ ಗದ್ದಲದಲ್ಲಿ ಮುಳುಗಿದೆ.

ಇಳಕಲ್ಲಿನಿಂದ ಬಂದ ಮರುಭಾನುವಾರ ಬಾದಾಮಿಗೆ ಹೋದೆ. ಸುಮಂಗಲಾ ರೊಟ್ಟಿ ಬಡಿಯುತ್ತಿದ್ದಳು. ನಲವತ್ತು ಮಕ್ಕಳನ್ನು ಒಂದು ಕಣ್ಸನ್ನೆಯಲ್ಲಿ ಕೂರಿಸುವವಳು, ಇಂದಿಗೂ ಸ್ಟಾಫ್ ಮೀಟಿಂಗ್ ಇದ್ದ ದಿನ ಊಟ ಬಿಡುತ್ತಾಳೆ. ನಾನು ಒಲೆಯ ಪಕ್ಕ ಕೂತು, ಮಹಾಂತೇಶ ಸಿಕ್ಕಿದ್ದು, ಅವನು ಅಂದದ್ದು ಎಲ್ಲ ಹೇಳಿದೆ.

"ನಾ ಒಲ್ಲೆ ಅಂದಿದ್ದಿಲ್ಲ," ಎಂದಳು. "ಕೈ ನಡಗಾಕತ್ತಿದ್ವು. ಹಿತ್ತಲಕ ಹೋಗಿ ಮಾರಿ ತೊಳಕೊಂಡು ಬಂದ್ನಿ. ಹತ್ತು ನಿಮಿಷ ಆಗಿದ್ದೀತು. ಬರೂದ್ರಾಗ ಜಮಖಾನಿ ಸುತ್ತಿಟ್ಟಿದ್ರು."

ಇಷ್ಟು ವರ್ಷ ನನಗೇಕೆ ಹೇಳಲಿಲ್ಲ ಎಂದೆ. ಕೇಳಬಾರದಿತ್ತು.

"ನೀ ಹೇಳಿದ್ದು ಹಿತ್ತಲದಾಗ ಕೇಳಿಸಿತ್ತು. ಓಡಿ ಬಂದು ಹಂಗಲ್ಲ ಅನ್ನಬೇಕಂದ್ನಿ. ಅಷ್ಟು ಮಂದಿ. ಬಾಯಿ ಬರಲಿಲ್ಲ."

ಹಂಚಿನ ಮೇಲಿನ ರೊಟ್ಟಿ ತೆಗೆದು, ಬೆಣ್ಣೆ ಹಚ್ಚಿ ನನ್ನ ತಾಟಿಗೆ ಹಾಕಿದಳು. ಬಿಸಿಯಿದೆ, ತಿನ್ನು ಎಂದಳು. ತಿಂದೆ. ಬೇರೆ ಏನು ಮಾಡಬಹುದಿತ್ತು?

ಇಪ್ಪತ್ತನಾಲ್ಕು ವರ್ಷ ಆ ಮಾತನ್ನು ಇಟ್ಟುಕೊಂಡೇ ಅವಳು ನನ್ನ ಮಗನ ಜವಳಕ್ಕೆ ಬಂದಿದ್ದಳು. ನನ್ನ ಅತ್ತೆ ಬಿದ್ದಾಗ ಮೂರು ದಿನ ದವಾಖಾನೆಯಲ್ಲಿ ಕೂತಿದ್ದಳು. ಒಂದು ಸಲವೂ ಆ ಮಾತು ತೆಗೆಯಲಿಲ್ಲ.

ಬಸ್ಸಿನಲ್ಲಿ ವಾಪಸ್ ಬರುವಾಗ ಯೋಚಿಸಿದೆ, ನಾನು ಇನ್ನೂ ಯಾರ್ಯಾರ ಪರವಾಗಿ ಮಾತಾಡಿದ್ದೇನೆ? ಹೋದಲ್ಲೆಲ್ಲ "ಇವರಿಗೆ ಸಕ್ಕರೆ ಬ್ಯಾಡ್ರಿ" ಎಂದು ಮನೆಯವರ ಚಹಾದ ಬಗ್ಗೆ ನಾನೇ ಹೇಳುತ್ತೇನೆ. ಅವರಿಗೆ ಶುಗರ್ ಇಲ್ಲ. ಅವತ್ತು ಮನೆಗೆ ಬಂದು ಕೇಳಿದೆ, ಸಕ್ಕರೆ ಬೇಕೇನು ಎಂದು. ಪೇಪರ್ ಕೆಳಗಿಟ್ಟು ನನ್ನನ್ನೇ ನೋಡಿದರು. ಅರ್ಧ ಚಮಚೆ ಹಾಕು ಎಂದರು.

ಸುಮಂಗಲಾಗೆ ಮಹಾಂತೇಶನ ನಂಬರ್ ಕಳಿಸಿದೆ. ನಂಬರ್ ಮಾತ್ರ. ಜೊತೆಗೆ ನನ್ನ ಒಂದು ಮಾತೂ ಇಲ್ಲ. (ಮೂರು ಸಲ ಟೈಪ್ ಮಾಡಿ ಅಳಿಸಿದೆ, ಅದೂ ಖರೆ.) ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಅವಳು ಅವನಿಗೆ ಒಂದೇ ಪದದ ಮೆಸೇಜ್ ಹಾಕಿದಳಂತೆ: "ಅದೇನಿ." ಇದ್ದೇನೆ ಎಂದು, ಹಾಜರಿ ಹೇಳುವ ಹಾಗೆ.

ಅವನು ಆ ಹೊತ್ತು ಗಿರಾಕಿಗಳನ್ನು ಬಿಟ್ಟು ಅಂಗಡಿಯ ಹೊರಗೆ ಬಂದು ನಿಂತಿದ್ದನಂತೆ. ಇದನ್ನು ಆಮೇಲೆ ಅವನೇ ಹೇಳಿದ್ದು.

ಅಲ್ಲಿಂದ ತಿಂಗಳುಗಟ್ಟಲೆ ಬರೆದುಕೊಂಡರು. ಬರೆಯುವುದರಲ್ಲಿ ಅವಳಿಗೆ ಅಂಜಿಕೆಯಿಲ್ಲ. ಹಿತ್ತಿಲಿನ ಹತ್ತು ನಿಮಿಷವನ್ನೂ ಅವಳೇ ಬರೆದು ತಿಳಿಸಿದಳು. ನೀನೇಕೆ ಮತ್ತೆ ಬಂದು ಕೇಳಲಿಲ್ಲ ಎಂದಳಂತೆ. ಒಲ್ಲೆ ಎಂದ ಹುಡುಗಿಯ ಮನೆ ಮುಂದೆ ಹೋಗಿ ನಿಲ್ಲುವುದು ಛಲೋ ಅಲ್ಲ ಎಂದುಕೊಂಡೆ ಎಂದು ಅವನ ಉತ್ತರ. ಪ್ರತಿ ಮೆಸೇಜಿನ ಕೊನೆಗೆ "ಉತ್ತರಕ್ಕ ಅವಸರಿಲ್ಲ" ಎಂದು ಹಾಕುತ್ತಿದ್ದ. ಚಳಿಗಾಲದ ಹೊತ್ತಿಗೆ ಶನಿವಾರ ಅರ್ಧ ದಿನದ ಸಾಲಿ ಬಿಟ್ಟ ಮೇಲೆ ಬನಶಂಕರಿಯ ಹೊಂಡದ ಮೆಟ್ಟಿಲ ಮೇಲೆ ಕೂತು ಮಾತಾಡುವಷ್ಟಾಯಿತು. ಅವನು ಫ್ಲಾಸ್ಕಿನಲ್ಲಿ ಚಹಾ ತರುತ್ತಿದ್ದ.

ರಜಿಸ್ಟರ್ ಮದುವೆ ಆಗೋಣ, ಜನ ಬೇಡ ಎಂದ ಮಹಾಂತೇಶ. ನಾವೆಲ್ಲ ಅದೇ ಸರಿ ಎಂದೆವು. ಬೇಡ ಎಂದವಳು ಸುಮಂಗಲಾ. ನನಗೆ ಫೋನು ಮಾಡಿದಳು.

"ಆ ಮಣಿ ಮ್ಯಾಲೆ ಒಮ್ಮೆ ಕೂತು ಖಣ ತಗೋಬೇಕು ನಾ. ಇಲ್ಲಂದ್ರ ಅದು ಅಲ್ಲೇ ಉಳಿತೈತಿ."

ಆಗದಿದ್ದರೆ ಎಂದೆ. ಆಗದಿದ್ದರೆ ಈ ಮದುವೆಯೂ ಆಗುವುದಿಲ್ಲ, ಇನ್ನೊಮ್ಮೆ ಅವನನ್ನು ಹಾಗೆ ಕಳಿಸಿದ ಮೇಲೆ ಮೂರನೇ ಸಲ ಕರೆಯುವ ಮುಖ ನನಗಿಲ್ಲ ಎಂದಳು. ಆಮೇಲೆ ಮೆಲ್ಲಗೆ ಸೇರಿಸಿದಳು:

"ನೀ ಬಾ. ಆದ್ರ ಮಾತಾಡಬ್ಯಾಡ."

ಹೋದ ಭಾನುವಾರ ಹೋಗಿದ್ದೆ. ಅದೇ ಪಡಸಾಲೆ, ಅದೇ ಮಣೆ. ಜಮಖಾನೆ ಮಾತ್ರ ಹೊಸದು. ಈ ಸಲ ಒಂಬತ್ತೇ ಜನ. ಈ ಸಂಬಂಧಕ್ಕೆ ಮತ್ತೆ ಬಂದದ್ದಕ್ಕೆ ಅರ್ಧ ಬಳಗ ತನ್ನ ಮೇಲೆ ಸಿಟ್ಟಾಗಿದೆ ಎಂದು ಹೇಳಿಕೊಳ್ಳುತ್ತಲೇ ಗಂಗವ್ವ ಕೋಲೂರಿಕೊಂಡು ಒಳಗೆ ಬಂದರು. ಮಹಾಂತೇಶನ ಮಗಳು ಗುಳೇದಗುಡ್ಡದಿಂದ ತಾನೇ ಆರಿಸಿದ ಖಣ ತಂದಿದ್ದಳು, ದಾಳಿಂಬೆ ಬಣ್ಣದ್ದು.

ಸುಮಂಗಲಾ ಚಹಾದ ಕಿಟ್ಲಿ ತಂದಿಟ್ಟಳು. ಮಹಾಂತೇಶ ಎದ್ದು ಕಿಟ್ಲಿ ತೆಗೆದುಕೊಂಡು, ಎಲ್ಲರ ಕಪ್ಪಿಗೂ ಅರ್ಧರ್ಧ ಹಾಕುತ್ತ ಹೋದ. ಅವಳದೊಂದಕ್ಕೇ ಅಲ್ಲ, ಎಲ್ಲರದಕ್ಕೂ.

"ಏನಲೇ ಮಾಂತ್ಯಾ," ಎಂದರು ಗಂಗವ್ವ, "ಹಾಲು ಏನ್ ಇಳಕಲ್ಲಿಂದ ಹೊತ್ತು ತಂದೀಯೇನು, ಇಷ್ಟು ಕೈ ಹಿಡಿದು ಹಾಕಾಕ?"

ಎಲ್ಲರೂ ನಕ್ಕರು. ಸುಮಂಗಲಾ ನಗಲಿಲ್ಲ. ಆದರೆ ಚಹಾ ಕುಡಿದಳು. ಚೆಲ್ಲಲಿಲ್ಲ.

ಆಮೇಲೆ ಗಂಗವ್ವ ಖಣ ಹಿಡಿದು ಕೇಳಿದರು: "ನಮ್ಮ ಹುಡುಗ ಒಪ್ಪಿಗಿ ಏನವಾ?"

ಹುಡುಗನಿಗೆ ನಲವತ್ತಾರು. ಯಾರೋ ಮುಸಿಮುಸಿ ನಕ್ಕರು. ಸುಮಂಗಲಾಳ ಕೈ ಸೆರಗಿನ ಅಂಚಿನವರೆಗೆ ಹೋಯಿತು. ಅಲ್ಲೇ ನಿಂತಿತು. ಬೆರಳು ನಡುಗುವುದು ನನಗೆ ಕಂಡಿತು. ಎದ್ದಳು. ಹಿತ್ತಿಲಿಗೆ ಹೋದಳು.

ಗಂಗವ್ವ ಖಣವನ್ನು ಮಣೆಯ ಮೇಲಿಟ್ಟರು. ಅವತ್ತಿನ ಹಾಗೆಯೇ. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿದವು. ನನ್ನ ನಾಲಿಗೆ ಎದ್ದೇಬಿಟ್ಟಿತ್ತು. "ಬರ್ತಾಳ್ರಿ" ಎನ್ನಬೇಕೆಂದಿದ್ದೆ. ಒಳ್ಳೆಯ ಮಾತೇ. ಆದರೆ ಅದೂ ನನ್ನ ಮಾತೇ, ಅವಳದಲ್ಲ. ತಾಟಿನಲ್ಲಿದ್ದ ಅವಲಕ್ಕಿಯನ್ನು ಬಾಯಿ ತುಂಬ ಹಾಕಿಕೊಂಡೆ.

ಅವಳ ಅಣ್ಣ ಕೈ ಮುಗಿದು ಏಳಹೋದರು. ಕ್ಷಮೆ ಕೇಳುವ ಮುಖ.

"ಕೂಡ್ರಿ ಅಣ್ಣಾರ," ಎಂದ ಮಹಾಂತೇಶ. "ಈ ಸಲ ಕೂಡೂಣು."

ಕೂತೆವು. ಗೋಡೆಯ ಗಡಿಯಾರದ ಸಪ್ಪಳ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಐದು ನಿಮಿಷ. ಹಿತ್ತಿಲಿನಲ್ಲಿ ನಳದ ನೀರು ಬಿಟ್ಟ ಸದ್ದು. ಎಂಟು ನಿಮಿಷ. ನೀರು ನಿಂತಿತು. ಯಾರೂ ಬರಲಿಲ್ಲ. ಯಾರದೋ ಫೋನ್ ರಿಂಗಾಯಿತು, ತಕ್ಷಣ ಆಫ್ ಆಯಿತು. ಗಂಗವ್ವ ಎಲೆಗೆ ಸುಣ್ಣ ಹಚ್ಚಿ ಮಡಚಿದರು, ಬಾಯಿಗೆ ಹಾಕಿಕೊಳ್ಳಲಿಲ್ಲ. ಮಹಾಂತೇಶ ಖಣವನ್ನೇ ನೋಡುತ್ತ ಕೂತಿದ್ದ. ಹನ್ನೊಂದು ನಿಮಿಷ. ಅವನ ಮಗಳು ಅಪ್ಪನ ಪಕ್ಕಕ್ಕೆ ಸರಿದಳು.

ಹದಿನಾಲ್ಕನೆಯ ನಿಮಿಷಕ್ಕೆ ಸುಮಂಗಲಾ ಬಂದಳು. ಹಣೆಯ ಕೂದಲು ತೊಯ್ದಿತ್ತು. ಬಾಗಿಲಲ್ಲಿ ಒಂದು ಕ್ಷಣ ನಿಂತು ಜಮಖಾನೆಯನ್ನು ನೋಡಿದಳು. ಅದರ ಮೇಲೆ ಕೂತಿದ್ದ ನಮ್ಮನ್ನು ನೋಡಿದಳು. ಮಣೆಯ ಮೇಲೆ ಕೂತು, ಗಂಗವ್ವ ಕೈ ಚಾಚುವ ಮೊದಲೇ ಖಣವನ್ನು ತಾನೇ ಎತ್ತಿ ಸೆರಗಿಗೆ ಹಾಕಿಕೊಂಡಳು. ಕೈ ಇನ್ನೂ ನಡುಗುತ್ತಲೇ ಇತ್ತು.

"ತಡಾ ಆತು," ಎಂದಳು. ಸಣ್ಣ ದನಿ. ಆದರೆ ಬೇರೆ ಯಾರೂ ಮಾತಾಡುತ್ತಿರಲಿಲ್ಲವಲ್ಲ, ಎಲ್ಲರಿಗೂ ಕೇಳಿಸಿತು.

"ಆಗ್ಲಿ ಬಿಡವಾ," ಎಂದರು ಗಂಗವ್ವ, ಎಲೆ ಬಾಯಿಗಿಡುತ್ತ. "ನಮಗೇನ್ ಬಸ್ಸಿಗೆ ಹೊತ್ತಾಗಿಲ್ಲ."

ಹದಿನಾಲ್ಕು ನಿಮಿಷ. ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಇಪ್ಪತ್ತನಾಲ್ಕು ವರ್ಷದ ಹಿಂದೆ ಹತ್ತು ಸಾಕಾಗಿತ್ತು. ಅವತ್ತು ನಮಗೆ ಯಾವ ಬಸ್ಸು ತಪ್ಪುತ್ತಿತ್ತು?