ಮೂರು ಕಾದಂಬರಿ, ಒಂದೇ ಕೆರೆ

ಇವತ್ತಿನದನ್ನು ಕೇಳಿ, ಗೆಳೆಯರೇ. ಬೇಲೂರಿನ ನಮ್ಮ ಆಫೀಸಿನ ಗುಮಾಸ್ತ ಶಿವಣ್ಣನವರು ಕಾದಂಬರಿ ಬರೆದಿದ್ದಾರೆ. "ಓದಿ, ಮುಚ್ಚುಮರೆಯಿಲ್ಲದೆ ಹೇಳಿ" ಅಂತ ಕೊಟ್ಟಿದ್ದರು. ಬೆಳಿಗ್ಗೆ ಹೇಳಿಯೇಬಿಟ್ಟೆ.

"ಭಾಷೆ ಚೆನ್ನಾಗಿದೆ. ಆದ್ರೆ ಈ ತಿಂಗಳು ನಾನು ಓದಿದ ಮೂರು ಕಾದಂಬರೀಲೂ ವಿಧವೆ ಕೆರೆಗೇ ಹಾರ್ತಾಳೆ. ನಿಮ್ಮವಳನ್ನಾದ್ರೂ ಬದುಕಿಸಬಾರದಿತ್ತಾ?"

ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಬದುಕಿ ಏನು ಮಾಡ್ತಾಳೆ ಮೇಡಂ? ಗಂಡ ಹೋದ್ಮೇಲೆ ಅವಳ ಕತೆ ಮುಗೀತಲ್ರೀ."

ನನ್ನ ಗಂಡ ತೀರಿಕೊಂಡು ಆರು ವರ್ಷ. ಅಂದಿನಿಂದ ಶಿವಣ್ಣನವರ ಎದುರು ಮೇಜಿನಲ್ಲೇ ಕೂತು ಟೈಪ್ ಮಾಡುತ್ತಿದ್ದೇನೆ. ಅದು ಅವರಿಗೆ ನೆನಪೇ ಆಗಲಿಲ್ಲ.

ಸಂಜೆ ನಮ್ಮೂರು ಹಗರೆಯ ಬಸ್ಸಿಗೆ ಹೊರಟವಳನ್ನು ತಡೆದು ನಿಲ್ಲಿಸಿದರು. ಮುಂದಿನ ಕಾದಂಬರಿಯನ್ನು ನಾನೇ ಟೈಪ್ ಮಾಡಿಕೊಡಬೇಕಂತೆ. ಅದರಲ್ಲೂ ಒಬ್ಬಳು ವಿಧವೆ ಇದ್ದಾಳಂತೆ.